ಉಗುರುಬೆಚ್ಚಗಿನ ನೀರು

“ತಣ್ಣೀರು ಬೇಡ ಅತ್ತೆ,” ಎಂದು ಶ್ರಾವ್ಯಾ ಅಪ್ಪಿಯ ಕೈ ತಡೆದಳು. ತುಳಸಿ ಎಲೆಯ ತುದಿಯಲ್ಲಿದ್ದ ಹನಿ ಅವಳ ಗಂಡ ಸಂದೀಪನ ಗಲ್ಲದ ಮೇಲೆ ಬಿತ್ತು.

“ಇನ್ನು ಅವನಿಗೆ ಎಂತ ಬಿಸಿ, ಎಂತ ತಣ್ಣಗೆ ಮಾರಾಯ್ತಿ?”

“ಗಂಟಲಿಗೆ ಆಗುದಿಲ್ಲ. ಸ್ವಲ್ಪ ಬೆಚ್ಚಗೆ ಮಾಡಿ ತರ್ತೇನೆ.”

“ಸಾವಾದ ಮನೆಯಲ್ಲಿ ಇವತ್ತು ಒಲೆ ಹಚ್ಚುದುಂಟಾ? ಕೂತ್ಕೊ.” ಅಪ್ಪಿ ಮಗನ ತುಟಿ ಬಿಡಿಸಿ ತಣ್ಣೀರನ್ನೇ ಬಿಟ್ಟಳು.

ಟೀವಿ ಕಾರ್ಟೂನಿನ ಗಪ್ಪು ಕರಡಿಗೆ ಹನ್ನೆರಡು ವರ್ಷ ದನಿ ಕೊಟ್ಟವನು ಸಂದೀಪ. ನಿನ್ನೆ ಅಂಧೇರಿಯ ಸ್ಟುಡಿಯೋದಲ್ಲಿ, ಮೈಕಿನ ಮುಂದೆಯೇ ಅವನ ಎದೆಬಡಿತ ನಿಂತಿತ್ತು.

ಅವನನ್ನು ಕೆಳಗಿಳಿಸಿದಾಗ ಗೇಟಿನ ತುಂಬ ಜನ. ಯಾರದೋ ಫೋನಿನಲ್ಲಿ ಗಪ್ಪು ಗಹಗಹಿಸಿ ನಗುತ್ತಿತ್ತು. ಮೂರನೇ ಮಹಡಿಯ ನಿಶಾಳ ಪುಟ್ಟ ಮಗಳು ಚಟ್ಟದ ಆಚೆಗೆಲ್ಲ ಕರಡಿಯನ್ನು ಹುಡುಕಿದಳು. “ಮಮ್ಮಿ, ಗಪ್ಪು ಕಿಧರ್ ಹೈ?”

ಗಾಡಿ ಪಾರ್ಲೆಯ ಸ್ಮಶಾನದ ಕಡೆ ಹೊರಟಿತು. ಹೆಂಗಸರು ಮನೆಯಲ್ಲೇ ಉಳಿದರು.

“ಅವನ ಮಾತು ಒಂಚೂರು ಕೇಳಿಸು ಮಗಾ,” ಎಂದಳು ಅಪ್ಪಿ. “ಆ ಕರಡಿದು ಬೇಡ. ನನ್ನ ಮಗನದ್ದು. ನಾನು ಕುರ್ಲಾದಿಂದ ಫೋನ್ ಮಾಡಿದ್ರೆ ಯಾವಾಗಲೂ ನೀನೇ ಎತ್ತುದು. ಎರಡು ವರ್ಷ ಆಯ್ತು ಕೇಳದೆ.”

ಶ್ರಾವ್ಯಾ ಫೋನ್ ತೆರೆದಳು. ಅವನ ಸಂದೇಶಗಳೆಲ್ಲ ಬರಹ. ನಾದಿನಿಯ ಸೀಮಂತ, ಗೆಳೆಯರ ಪಾರ್ಟಿ, ತಮ್ಮದೇ ಮದುವೆ. ಆ ವೀಡಿಯೋಗಳಲ್ಲೆಲ್ಲ ಯಾರೋ ಅವನ ಕೈಗೆ ಮೈಕ್ ಕೊಡುತ್ತಿದ್ದರು, ಅವನ ಬಾಯಿಂದ ಗಪ್ಪು ಮಾತಾಡುತ್ತಿತ್ತು.

“ಹುಡುಕ್ತಿದ್ದೇನೆ ಅತ್ತೆ,” ಎಂದಳು. ಮತ್ತೆ ಮೊದಲಿನಿಂದ ಶುರುಮಾಡಿದಳು.

*

ಬದುಕಿದ್ದಾಗ ಸಂದೀಪ ದಿನವೂ ಸ್ಟುಡಿಯೋದಿಂದ ಬಂದ ಮೇಲೆ ಮಾತು ಬಿಟ್ಟು ಗಂಟಲಿಗೆ ವಿಶ್ರಾಂತಿ ಕೊಡುತ್ತಿದ್ದ. ಫ್ರಿಜ್ಜಿನ ಮೇಲಿನ ಬಿಳಿ ಹಲಗೆಯಲ್ಲಿ ಬರೆಯುತ್ತಿದ್ದ: ಚಹಾ. ನಾಳೆ ಬೇಗ. ಉಪ್ಪು ಕಡಿಮೆ.

ಒಂದು ಭಾನುವಾರ ಅವಳು ಹಠ ಹಿಡಿದಳು. “ಒಮ್ಮೆ ನನ್ನ ಹೆಸರು ಕರೀರಿ ನೋಡುವ.”

ಅವನು ಗಪ್ಪುವಾಗಿ ಕರೆದ. ಅವಳು ನಕ್ಕಳು. “ಇದಲ್ಲ.”

ಜಾಹೀರಾತಿನ ಮುದುಕನಾಗಿ ಕರೆದ.

“ಇದೂ ಅಲ್ಲ.”

ಮೂರನೇ ಸಲ ಬಾಯಿ ತೆರೆದ. ತೆರೆದದ್ದು ಹಾಗೇ ಇತ್ತು. ಆಮೇಲೆ ಎದ್ದು ಹೋಗಿ ಉಪ್ಪುನೀರು ಮುಕ್ಕಳಿಸಿದ. ಹಲಗೆಯ ಮೇಲೆ ಬರೆದ: ನಾಳೆ.

*

ಸ್ಮಶಾನದಿಂದ ಮರಳಿದವರಲ್ಲಿ ಸೌಂಡ್ ಎಂಜಿನಿಯರ್ ಕಿಶೋರ ಮಾತ್ರ ಮೇಲೆ ಬಂದ. ಸ್ನಾನದ ನೀರು ಕೂದಲಿನಿಂದ ಇನ್ನೂ ಇಳಿಯುತ್ತಿತ್ತು.

“ಅತ್ತಿಗೆ, ಅವನ ಸ್ವಂತ ಸ್ವರ ಉಂಟಾ ಅಂತ ನೀವು ಮೆಸೇಜ್ ಹಾಕಿದ್ರಲ್ಲ,” ಎಂದು ಪುಟ್ಟ ಸ್ಪೀಕರನ್ನು ನೆಲದಲ್ಲಿಟ್ಟ. “ಮೈಕಿಗೆ ಬಂದ್ರೆ ನೇರ ಗಪ್ಪುವೇ. ಕಟ್ ಅಂದ್ರೆ ಬಾಯಿ ಬಂದ್. ನಮ್ಮ ಹತ್ರ ಇರುದು ಇಷ್ಟೇ. ಮಾತಿನ ಎಡೆಯಲ್ಲಿ ಕತ್ತರಿಸಿ ತೆಗ್ದದ್ದು. ಬಿಸಾಡ್ಲಿಕ್ಕೆ ಮನಸ್ಸಾಗ್ಲಿಲ್ಲ.”

ಸ್ಪೀಕರಿನಿಂದ ಗಂಟಲು ಸರಿಪಡಿಸಿಕೊಂಡ ಸದ್ದು. ಕುರ್ಚಿಯ ಕಿರುಗುಟ್ಟು. ನೀರಿನ ಒಂದು ಗುಟುಕು. ನಂತರ ಉಸಿರು, ಮಾತಿಗೆ ಮುಂಚೆ ಎಳೆದುಕೊಳ್ಳುವಂಥದು. ಅಲ್ಲಿಗೆ ಕಡಿಯಿತು. ಮತ್ತೊಂದು ಉಸಿರು. ಅದೂ ಕಡಿಯಿತು.

“ಇದರಲ್ಲಿ ಮಾತಿಲ್ಲ ಅಮ್ಮ,” ಎಂದ ಕಿಶೋರ.

“ಶ್! ಈಗ ಮಾತಾಡ್ತಾನೆ,” ಎಂದಳು ಅಪ್ಪಿ.

ಸ್ಪೀಕರಿನಲ್ಲಿ ಒಣ ಕೆಮ್ಮು ಬಂತು. ಎರಡು ಸಲ.

ಅಪ್ಪಿ ಮೊಣಕಾಲು ಹಿಡಿದು ಎದ್ದಳು. ಅಡುಗೆಮನೆಯಲ್ಲಿ ಗ್ಯಾಸ್ ಲೈಟರಿನ ಚಟಚಟ ಕೇಳಿತು, ಶ್ರಾವ್ಯಾ ತಡೆಯಲಿಲ್ಲ. ಅಪ್ಪಿ ನೀರಿನ ಲೋಟವನ್ನು ಸೆರಗಿನಲ್ಲಿ ಹಿಡಿದು ಬಂದಳು. ಬೆರಳು ಅದ್ದಿ ಬಿಸಿ ನೋಡಿದಳು. ಅದನ್ನು ಸ್ಪೀಕರಿನ ಪಕ್ಕದಲ್ಲಿಟ್ಟು, ಎದುರಿಗೆ ಕೂತಳು.