ಹಿಮ್ಮಡಿಯ ಮುಳ್ಳು

ಚಳಿ ಹಿಂದೆಗೆಯುತ್ತಿದ್ದ ದಿನಗಳು. ಅಂಗಳದ ತುಂಬ ಒಣಗಿದ ಕಾಳಿನ ಗಿಡ ಹರಡಿಕೊಂಡು ಅತ್ತೆ ಕೋಲಿನಿಂದ ಬಡಿಯುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮುಗಿಸಿ ಬಂದ ಸೊಸೆ ಎಂದಿನಂತೆ ಬೇಲಿಯ ಹತ್ತಿರವೇ ನಿಂತಳು. ಹಿತ್ತಲ ಒಲೆಯ ಮೇಲೆ ಅವಳ ಸ್ನಾನದ ನೀರು ಕಾಯುತ್ತಿತ್ತು.

ಆ ಅಂಟುಕಾಯಿಲೆ ಊರು ಬಿಟ್ಟು ವರ್ಷವಾಗಿತ್ತು; ನರ್ಸಮ್ಮನನ್ನು ಮಾತ್ರ ಬಿಟ್ಟಿರಲಿಲ್ಲ. ಮಿಂದ ಮೇಲೂ ಅವಳು ಜಗಲಿಯಲ್ಲೇ ಉಣ್ಣುತ್ತಿದ್ದಳು, ಅಲ್ಲೇ ಮಲಗುತ್ತಿದ್ದಳು, ಮನೆಯವರನ್ನು ಮುಟ್ಟುತ್ತಿರಲಿಲ್ಲ. ಅವಳನ್ನು ಕಂಡರೆ ಜನ ದಾರಿ ಬದಲಿಸುತ್ತಿದ್ದ ಕಾಲದಲ್ಲೂ ಅತ್ತೆ ಒಂದು ಸಂಜೆಯೂ ಆ ಒಲೆ ಹೊತ್ತಿಸದೆ ಇದ್ದವಳಲ್ಲ.

“ಈ ನೀರಿನ ಋಣ ಹೇಗೆ ತೀರಿಸ್ಲಿ ಅತ್ತೆ?” ಎಂದರೆ, “ಒಳಗೆ ಬಂದು ಉಣ್ಣು, ತೀರತ್ತೆ. ಜಗಲಿಗೆ ತಟ್ಟೆ ಹೊತ್ತು ಹೊತ್ತು ನನ್ನ ಸೊಂಟ ಹೋಯ್ತು” ಎಂದು ಗೊಣಗುತ್ತಿದ್ದಳು.

“ಅಯ್ಯಯ್ಯೋ!” ಇದ್ದಕ್ಕಿದ್ದಂತೆ ಅತ್ತೆ ಕೋಲು ಬಿಟ್ಟು ಕುಸಿದಳು. ಹಿಮ್ಮಡಿಯಲ್ಲಿ ಮುಳ್ಳು ಮುರಿದುಕೊಂಡಿತ್ತು.

ಸೊಸೆ ಓಡಿ ಬಂದು, ಚೀಲದಿಂದ ಕೈಗವಸು, ಸೂಜಿ ತೆಗೆದಳು. ಎಷ್ಟು ತಡಕಿದರೂ ಮುಳ್ಳು ಸಿಗಲಿಲ್ಲ.

“ಅಲ್ಲಲ್ಲ ನನ್ ತಾಯಿ! ಊರಿಗೆಲ್ಲ ಸೂಜಿ ಚುಚ್ಚೋಳಿಗೆ ಒಂದು ಮುಳ್ಳು ಸಿಗಲ್ವಾ? ಆ ರಬ್ಬರ್ ಕಳಚು. ಮುಳ್ಳು ಬೆರಳಿಗೆ ಸಿಗೋದು, ಕಣ್ಣಿಗಲ್ಲ.”

“ಮಿಂದು ಬರ್ತೀನಿ.”

“ಅಷ್ಟರಲ್ಲಿ ನನ್ನ ಕಾಲು ಕೀವು ಕಟ್ಟಿರತ್ತೆ.”

“ನಿಮಗೇನಾದ್ರೂ ಆದ್ರೆ?”

“ಆಗೋದಿದ್ರೆ ಆವಾಗ್ಲೇ ಆಗ್ತಿತ್ತು ಕಣೇ.”

ಸೊಸೆ ತನ್ನ ರಬ್ಬರಿನ ಬೆರಳುಗಳನ್ನೇ ನೋಡಿದಳು. ಕಾಯಿಲೆಯ ದಿನಗಳಲ್ಲಿ ಇಂಥದೇ ಕೈ ಹಿಡಿದುಕೊಂಡು ಒಬ್ಬ ಮುದುಕ ಜೀವ ಬಿಟ್ಟಿದ್ದ. ಒಂದರ ಮೇಲೊಂದು ಕೈಗವಸು. ಅವನ ಕೈ ತಣ್ಣಗಾದದ್ದು ಅವಳಿಗೆ ತಿಳಿಯಲೇ ಇಲ್ಲ. ‘ಬೆಳಗಾದರೆ ಮಗಳು ಬರ್ತಾಳೆ ಅಪ್ಪಾ’ ಎಂದು ಹೇಳುತ್ತಲೇ ಇದ್ದಳು.

ಕೈಗವಸು ಕಳಚಿದಳು. ಹಿಮ್ಮಡಿ ಒಡೆದಿತ್ತು, ಮಣ್ಣು ಮೆತ್ತಿತ್ತು. ಬೆಚ್ಚಗಿತ್ತು. ಬೆರಳ ತುದಿಗೆ ಮುಳ್ಳು ತಾಕಿತು. ಸೂಜಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದಳು.

“ಬಂತಾ?”

“ಬಂತು ಅತ್ತೆ.”

“ಮತ್ತೆ ಇನ್ನೂ ಕಾಲು ಹಿಡ್ಕೊಂಡೇ ಕೂತಿದೀಯಲ್ಲ, ಏನು ವರ ಬೇಕು?” ಎಂದು ನಕ್ಕ ಅತ್ತೆ, ಸೊಸೆಯ ಮುಖ ನೋಡಿದಳು. ಕಾಲು ಎಳೆದುಕೊಳ್ಳಲಿಲ್ಲ.

ಆಮೇಲೆ ಸೊಸೆ ಎದ್ದು ಒಲೆಯ ಮೇಲಿನ ನೀರು ತಂದಳು. ಹದಕ್ಕೆ ತಣ್ಣೀರು ಬೆರೆಸಿ ಆ ಕಾಲಿನ ಮೇಲೆ ಸುರಿಯತೊಡಗಿದಳು.

“ಅದು ನಿನ್ನ ಸ್ನಾನದ ನೀರು ಕಣೇ!”

“ಹೌದು ಅತ್ತೆ. ಇನ್ನೊಂದು ಕಾಲೂ ಕೊಡಿ.”

ಹಿತ್ತಲ ಒಲೆಯಲ್ಲಿ ಕೆಂಡ ಮೆಲ್ಲಗೆ ಬೂದಿ ಹೊದೆಯುತ್ತಿತ್ತು.