ನಿಂತುಹೋಗುವ ಮಾಲು

೨೦೦೮ರ ಶ್ರಾವಣದಲ್ಲಿ ಪೀಣ್ಯ ಎರಡನೇ ಹಂತಕ್ಕೆ ಮಿಕ್ಸಿ ಜಾರ್ ರಿಪೇರಿಗೆ ಕೊಡಲು ಹೋದವಳು, ಬಸಲಿಂಗನ ಅಂಗಡಿಯ ಗಾಜಿನ ಕಪಾಟಿನಲ್ಲಿ ಅಂಗೈಯಗಲದ ಕಂಪ್ಯೂಟರೊಂದನ್ನು ನೋಡಿದೆ. ಯಾವುದೋ ಕಂಪನಿ ತನ್ನ ಸೇಲ್ಸ್‌ನವರಿಗೆಂದು ತರಿಸಿ, ಕೊಡದೆ ಉಳಿಸಿದ ಹಳೇ ಮಾಲು. ಜೊತೆಗೊಂದು ಪ್ಲಾಸ್ಟಿಕ್ ಕಡ್ಡಿ. ಆ ಕಡ್ಡಿಯಿಂದ ಅದರ ಗಾಜಿನ ಮೇಲೆ ಬರೆದರೆ ನಮ್ಮ ಕೈಬರಹವೇ ಮೂಡುತ್ತಿತ್ತು, ಕನ್ನಡವಾದರೂ ಸರಿ.

"ಅಕ್ಕಾರ, ನಾಕು ಅಂಕಿ ಹಾಕಿ ಲಾಕ್ ಮಾಡಿದ್ರಂದ್ರ ಮುಗೀತು. ದೇವರಿಗೂ ತೆಗಿಯಾಕ ಬರಂಗಿಲ್ಲ" ಎಂದ ಬಸಲಿಂಗ. ಬಾಗಲಕೋಟೆ ಕಡೆಯವನು, ಮಾಲು ಮಾರುವಾಗಲೂ ಸುಳ್ಳು ಹೇಳಲು ಬಾರದವನು. "ಆದ್ರ ಈ ಮಾಡಲ್ ಕಂಪನಿಯವ್ರು ನಿಲ್ಲಸ್ತಾರಂತ ಸುದ್ದಿ ಐತ್ರಿ. ನಿಲ್ಸೂದಿಲ್ಲ ಅಂತಾನೂ ಸುದ್ದಿ ಐತ್ರಿ."

ನಾನು ಅದನ್ನು ಅರ್ಧ ಮಾತ್ರ ಕೇಳಿಸಿಕೊಂಡೆ. ದೇವರಿಗೇ ತೆಗೆಯಲು ಬರದಿದ್ದರೆ ನಮ್ಮ ಅತ್ತೆಗೆ ಬಂದೀತೇ ಎಂದು ಯೋಚಿಸುತ್ತಿದ್ದೆ.

ನಮ್ಮ ಅತ್ತೆ ಶಿವಲಿಂಗಮ್ಮನವರು ಅಕ್ಷರವಿದ್ದದ್ದನ್ನೆಲ್ಲ ಓದುತ್ತಾರೆ. ಮೆಣಸಿನಕಾಯಿ ಕಟ್ಟಿದ ಪೇಪರು, ಮಾತ್ರೆಯ ಚೀಟಿ, ನಾನು ದಿನಚರಿ ಬರೆಯುವ ನೋಟ್‌ಬುಕ್ಕು. ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ, ಹೊಲಿಗೆ ಮಿಷನ್ನಿನ ಡ್ರಾದಲ್ಲಿ ಇಟ್ಟೆ. ಎಲ್ಲಿಟ್ಟರೂ ಓದಿದರು. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಎಲ್ಲರೆದುರು, "ನನ್ನ ಉಪ್ಪಿಟ್ಟು ಗಾರೆ ಇದ್ದಂಗಿತ್ತು ಅಂತ ಬರ್ದಿದೀಯಲ್ಲ, ಗಾರೆ ಹೆಂಗಾಯ್ತದೆ? ಅವತ್ತು ನೀರು ಜಾಸ್ತಿಯಾಗಿತ್ತು" ಎಂದು ತಿದ್ದಿದರು. ಕೋಪ ಮಾಡಿಕೊಂಡಿದ್ದರೆ ಜಗಳವಾಡಬಹುದಿತ್ತು. ಅವರಿಗೆ ಕೋಪವೇ ಇರಲಿಲ್ಲ.

ಅಂದಿನಿಂದ ನಾನು "ಇಂದು ಪಲ್ಯ ಚೆನ್ನಾಗಿತ್ತು, ಎಲ್ಲರೂ ಸಂತೋಷವಾಗಿದ್ದೇವೆ" ಎಂದು ಬರೆಯತೊಡಗಿದೆ. ನಲವತ್ತೇಳು ವರ್ಷದ ಹೆಂಗಸು ತನ್ನದೇ ಪುಸ್ತಕದಲ್ಲಿ, ಇನ್‌ಸ್ಪೆಕ್ಷನ್ನಿಗೆ ಸಿದ್ಧವಾದ ಶಾಲಾ ಹುಡುಗಿಯ ಹಾಗೆ ಸುಳ್ಳು ಬರೆಯುವುದು! ನನ್ನ ಮನಸ್ಸಿಗೆ ಏನನಿಸುತ್ತಿದೆ ಎಂಬುದು ನನಗೇ ಮರೆತುಹೋಗುವ ಹಾಗಾಗಿತ್ತು.

ಆ ಕಂಪ್ಯೂಟರು ಬೇಕೆಂದು ಮನೆಯವರಿಗೆ ಹೇಳಿದೆ. ವಿಶ್ವನಾಥ್ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾರೆ. ನಮ್ಮ ಕ್ವಾರ್ಟರ್ಸಿಗೆ ಪೊರಕೆ ಬರಬೇಕಾದರೂ ಮೂರು ಅಂಗಡಿಯ ಕೊಟೇಶನ್ ಬರಬೇಕು. ಊಟದ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ಕೂತರು. ಪಕ್ಕದಲ್ಲಿ ಅತ್ತೆ, ಸಮಿತಿಯ ಸದಸ್ಯೆ.

"ಇರೋ ನೋಟ್‌ಬುಕ್ಕಿಂದ ಯಾಕೆ ಕೆಲಸ ಆಗಲ್ಲ? ಕಾರಣ ಹೇಳು."

ಕಾರಣ ಎದುರಿಗೇ ಕೂತು ಕಡಲೆಕಾಯಿ ಸುಲಿಯುತ್ತಿತ್ತು.

"ನನ್ನ ಅಕ್ಷರ ಈಚೆಗೆ ಕೆಟ್ಟಿದೆ ರೀ" ಎಂದೆ.

"ಯಾರಂದ್ರು?" ಎಂದರು ಅತ್ತೆ. "ಮುತ್ತಿನಂಗೈತೆ. ನಾನು ದಿನಾ ಓದ್ತೀನಲ್ಲ."

ವಿಶ್ವನಾಥ್ ಹಾಳೆಯ ಮುಂದಿನ ಸಾಲಿಗೆ ಹೋದರು. "ಮಾಡಲ್ ಚಾಲ್ತೀಲಿದೆಯಾ?"

"ನಿಲ್ಲಿಸಬಹುದಂತೆ" ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬಿಡಿಭಾಗ ಸಿಗದ ವಸ್ತು ನಮ್ಮ ಹೊಸಿಲು ದಾಟುವಂತಿಲ್ಲ.

ಆದರೆ ಅವರು ಕನ್ನಡಕ ತೆಗೆದರು. ಮುಖ ಅರಳಿತ್ತು. "ನಿಲ್ಲಿಸ್ತಾರಾ? ಹಾಗಾದ್ರೆ ಇದು ಬೇರೆ ಕೇಸು ಕಣೇ!"

ಅವರ ಕಾರ್ಖಾನೆಯಲ್ಲಿ ಒಂದು ಬಿಡಿಭಾಗ ನಿಂತುಹೋಗುತ್ತದೆ ಎಂದು ಗೊತ್ತಾದರೆ, ಮಿಷನ್ ಬದುಕಿರುವಷ್ಟು ಕಾಲಕ್ಕೆ ಬೇಕಾಗುವಷ್ಟನ್ನು ಒಂದೇ ಸಲ ಕೊಂಡಿಡುತ್ತಾರಂತೆ. ಕೊನೆಯ ಖರೀದಿ. ಕೊಟೇಶನ್ ಬೇಡ, ಧೈರ್ಯ ಮಾತ್ರ ಸಾಕು. ಅಂಥ ಅವಕಾಶ ಅವರ ಸರ್ವೀಸಿನಲ್ಲಿ ಒಂದೇ ಸಲ ಬಂದಿತ್ತು, ಆಗ ರಜೆಯಲ್ಲಿದ್ದರು.

"ಎಷ್ಟು ವರ್ಷ ಉಪಯೋಗಿಸ್ತೀಯ?"

"ಸಾಯೋವರೆಗೂ" ಎಂದೆ. ಅವರು ಅದನ್ನು ಹಾಳೆಯ ಮೇಲೆ ಬರೆದುಕೊಂಡರು.

"ನಿಮ್ಮಮ್ಮ ಎಷ್ಟಕ್ಕೆ ಹೋದ್ರು?"

"ಎಂಬತ್ತೊಂದಕ್ಕೆ."

"ಅಂದ್ರೆ ಇನ್ನು ಮೂವತ್ನಾಲ್ಕು ವರ್ಷ. ಒಂದೊಂದು ಐದು ವರ್ಷ ಬಾಳತ್ತೆ ಅಂದ್ರೆ ಏಳು ಬೇಕು."

"ಅವಳಪ್ಪ ಬೇಗ ಹೋದ ಕಣೋ" ಎಂದರು ಅತ್ತೆ. "ಐದು ಸಾಕು."

ಭಾನುವಾರ ಮೂವರೂ ಅಂಗಡಿಗೆ ಹೋದೆವು. ಬಸಲಿಂಗನ ಬಳಿ ಇದ್ದದ್ದು ಮೂರೇ. "ಸಾರ್, ಒಂದು ಒಯ್ರಿ ಸಾಕು. ಮುಂದ ಇದೆಲ್ಲಾ ಫೋನಿನಾಗ ಬರ್ತೈತ್ರಿ" ಎಂದು ಕೈಮುಗಿದ.

ಇವರು ನನ್ನ ಕಿವಿಯಲ್ಲಿ, "ಮಾರೋನೇ ಬೇಡ ಅಂತಿದಾನೆ ಅಂದ್ರೆ ಎಷ್ಟು ಡಿಮ್ಯಾಂಡ್ ಇರ್ಬೇಕು ನೋಡು!" ಎಂದು ಪಿಸುಗುಟ್ಟಿ ಮೂರನ್ನೂ ಕಟ್ಟಿಸಿದರು.

ಒಂದು ನನ್ನ ಕೈಗೆ ಬಂತು. ಉಳಿದೆರಡು "ಸ್ಪೇರ್ - ಮುಟ್ಟಬಾರದು" ಎಂಬ ಚೀಟಿ ಹೊತ್ತು ಬೀರು ಸೇರಿದವು. ಮಧ್ಯಾಹ್ನ ನಾಲ್ಕು ಅಂಕಿ ಒತ್ತಿ, ಕಡ್ಡಿ ಹಿಡಿದು ಕೂತೆ. "ನನಗೆ ಬೇಸರವಾಗಿದೆ" ಎಂದು ಬರೆದೆ. ಯಾಕೆ ಎಂದು ಬರೆಯುವಷ್ಟರಲ್ಲಿ ಪರದೆ ತುಂಬಿತು. ಇನ್ನೊಂದು ಪರದೆ ತೆರೆದೆ. ಸಂಜೆಗೆ ನಲವತ್ತು ಪರದೆಯಾಗಿದ್ದವು, ಬೇಸರ ಅರ್ಧಕ್ಕಿಳಿದಿತ್ತು.

ಅತ್ತೆ ನಾಲ್ಕು ದಿನ ನನ್ನ ಸುತ್ತ ಸುಳಿದರು. "ಇವತ್ತೇನು ಬರೆದೆ?" "ಏನಿಲ್ಲ ಅತ್ತೆ." ಅವರ ಮುಖ ನೋಡಿ ಅಯ್ಯೋ ಅನಿಸಿದ್ದು ನಿಜ, ಆದರೂ ತೋರಿಸಲಿಲ್ಲ. ಐದನೇ ದಿನ ಚೀಟಿ ಕಿತ್ತು ಬೀರುವಿನಿಂದ ಒಂದನ್ನು ತೆಗೆದುಕೊಂಡರು. "ಸ್ಲೇಟಿದ್ದಂಗೈತೆ" ಎಂದವರು ವರಾಂಡದ ಬೆಂಚಿನಲ್ಲಿ ಕೂತು, ತುಟಿ ಅಲುಗಿಸುತ್ತ ಮಧ್ಯಾಹ್ನವೆಲ್ಲ ಬರೆದರು. ಆಮೇಲೆ ನನ್ನ ಬಳಿ ಬಂದರು.

"ಸುಮಂಗಲಾ, ಬೀಗ ಹಾಕೋದು ಹೆಂಗೆ ತೋರ್ಸು."

ತೋರಿಸಿದೆ. ಅಂಕಿ ಒತ್ತುವ ಹೊತ್ತಿಗೆ, "ನೀನು ಆ ಕಡೆ ತಿರುಗು" ಎಂದರು.

ಇಪ್ಪತ್ತಮೂರು ವರ್ಷ ಜೊತೆಗಿದ್ದೇವೆ, ಅವರಿಗೂ ಹೇಳಿಕೊಳ್ಳದ ಮಾತಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಬಗ್ಗೆಯೋ? ಮಾವನವರ ಬಗ್ಗೆಯೋ? ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಮರುದಿನ ಅತ್ತೆ ಸ್ನಾನಕ್ಕೆ ಹೋದಾಗ ಅವರ ಜನ್ಮವರ್ಷ ಒತ್ತಿ ನೋಡಿದೆ. ತೆರೆಯಲಿಲ್ಲ. ನಾಚಿಕೆಯಿಂದ ಸತ್ತೆ. ಆಮೇಲೆ ಮದುವೆಯ ವರ್ಷವನ್ನೂ ಒತ್ತಿ ನೋಡಿದೆ.

ಆ ಶನಿವಾರ ವಿಶ್ವನಾಥ್ ಅರಗು ಮತ್ತು ಕಂದು ಕವರು ಹಿಡಿದು ವರಾಂಡಕ್ಕೆ ಬಂದರು. "ಇಬ್ರೂ ನಂಬರ್ ಬರೆದು ಇದರೊಳಗೆ ಹಾಕಿ. ಸೀಲ್ ಮಾಡಿ ನಾನಿಟ್ಕೊಳ್ತೀನಿ. ಎಲ್ಲಾ ಬೀಗದ ಡೂಪ್ಲಿಕೇಟ್ ಕೀ ಆಫೀಸರ್ ಹತ್ರ ಇರ್ಬೇಕು."

ಅತ್ತೆ ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ.

"ಆಗಲ್ಲ" ಎಂದೆವು, ಇಬ್ಬರೂ ಒಟ್ಟಿಗೆ.

"ಮರೆತುಹೋದ್ರೆ?"

"ಮರೆತ್ರೆ ಮರೀಲಿ ಬಿಡೋ" ಎಂದರು ಅತ್ತೆ. "ನಿನಗೇನಾಗ್ಬೇಕು?"

ವಿಶ್ವನಾಥ್ ಕವರನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಒಳಗೆ ಹೋಗಿ ಮೂರನೆಯದನ್ನು ತಂದು, ಎದುರಿನ ಕುರ್ಚಿಯಲ್ಲಿ ಕೂತು, ಕಡ್ಡಿಯನ್ನು ಗಾಜಿನ ಮೇಲೆ ಹಿಡಿದೇ ಇದ್ದರು.

"ಇದರಲ್ಲಿ ಏನು ಬರೀಬೇಕು?" ಎಂದು ಕೇಳಿದರು.

ಅತ್ತೆ ಬೆಂಚಿನಲ್ಲಿ ಸರಿದು ನನಗೆ ಜಾಗ ಮಾಡಿಕೊಟ್ಟರು. ತಮ್ಮದನ್ನು ಮಾತ್ರ ಎದೆಗೊತ್ತಿ ಹಿಡಿದುಕೊಂಡರು.