ಗಿರಣಿಯ ಗೋಡೆ

ಆ ಬೀದಿಗೆ ಮನೆಗಳು ಬರುವ ಎಷ್ಟೋ ಮೊದಲೇ ಹಿಟ್ಟಿನ ಗಿರಣಿ ಬಂದಿತ್ತು. ಆದರೆ ನಗರ ಯೋಜನೆಯ ನಕ್ಷೆಗೆ ಯಾರ ಹಂಗು? ಬೀದಿಗೆ ಬೀದಿಯನ್ನೇ ವಾಸದ ಮನೆಗಳಿಗೆಂದು ಒಂದೇ ಬಣ್ಣ ಬಳಿದು ಕೈತೊಳೆದುಕೊಂಡಿತು. ಗಿರಣಿ ತನ್ನದೇ ಜಾಗದಲ್ಲಿ ಕರೆಯದೆ ಬಂದ ನೆಂಟನಂತಾಯಿತು. ಹಳೆಯದು ಎಂಬ ಒಂದೇ ಕಾರಣಕ್ಕೆ ಅದನ್ನು ಇರಗೊಟ್ಟಿದ್ದರು.

ಎಲ್ಲರೂ ಗಿರಣಿಯಕ್ಕ ಎಂದು ಕರೆಯುತ್ತಿದ್ದ ಅದರ ಒಡತಿಗೆ ಹೊಟ್ಟೆಪಾಡಿಗೆ ಬೇರೆ ದಿಕ್ಕಿರಲಿಲ್ಲ. ಗಂಡ ಹೋದ ಮೇಲೆ ಬೆಲ್ಟು ಬಿಗಿಯುವುದರಿಂದ ಹಿಡಿದು ಬೀಸುಕಲ್ಲು ಕುಟ್ಟಿಸುವವರೆಗೆ ಎಲ್ಲವೂ ಅವಳದೇ. ಧೂಳು, ಸದ್ದು ಎಂದು ಅಕ್ಕಪಕ್ಕದವರು ಮೂಗು ಮುರಿಯುವುದು ಹೆಚ್ಚಾದಾಗ, ಇದ್ದುದರಲ್ಲೇ ಗಿರಣಿಯನ್ನು ಸರಿಮಾಡಿಸಲು ನಗರಸಭೆಗೆ ಅರ್ಜಿ ಹಾಕಿದಳು.

ನೋಡಲು ಬಂದ ಅಧಿಕಾರಿ ಒಳ್ಳೆಯ ಮನುಷ್ಯ. "ಧೂಳು ಎಳೆಯೋ ಫ್ಯಾನು ಹಾಕ್ಸಿ, ಬಾಗಿಲು ಬದಲಾಯ್ಸಿ, ಬಿರುಕು ಮುಚ್ಸಿ. ಅದಕ್ಕೆಲ್ಲ ಅವಕಾಶ ಇದೆ," ಎಂದ. "ಗೋಡೆ ಮಾತ್ರ ಕೆಡವಬೇಡಿ ತಾಯಿ. ಅರ್ಧಕ್ಕಿಂತ ಹೆಚ್ಚು ಹೋಯ್ತೋ, ಹಳೇ ಕಟ್ಟಡವೇ ಹೋಯ್ತು ಅಂತ ಲೆಕ್ಕ. ಆಮೇಲೆ ಇಲ್ಲಿ ಮನೆ ಬಿಟ್ಟು ಬೇರೇನೂ ಕಟ್ಟೋ ಹಾಗಿಲ್ಲ."

ಅಕ್ಕ ಅದನ್ನು ತಮ್ಮನಿಗೆ ಬಿಡಿಸಿ ಹೇಳಿದಳು. ತಮ್ಮ ಮೇಸ್ತ್ರಿ. ಹೂಂಗುಟ್ಟಿದ. ಆದರೆ ಬಿರುಕು ಮುಚ್ಚು ಎಂದರೆ ಗೋಡೆಯನ್ನೇ ಬಿಚ್ಚಿ ಕೂರುವ ಆಸಾಮಿ ಅವನು. ಒಳಗೆ ಹುಳುಕಿಟ್ಟುಕೊಂಡು ಮೇಲೆ ಗಾರೆ ಬಳಿಯಲು ಅವನ ಕೈ ಯಾವತ್ತೂ ಏಳುತ್ತಿರಲಿಲ್ಲ.

ಫ್ಯಾನು ಮಾಡಿಸಿ ತರಲು ಅಕ್ಕ ನಾಲ್ಕು ದಿನದ ಮಟ್ಟಿಗೆ ಪಕ್ಕದ ಊರಿಗೆ ಹೋದಳು. ಮೇಸ್ತ್ರಿ ಬಿರುಕನ್ನು ಕೆರೆದ. ಯಂತ್ರದ ಅದುರಾಟಕ್ಕೆ ಒಳಗೆಲ್ಲ ಪುಡಿಯಾಗಿ, ಮೊಳಕೈವರೆಗೆ ಕೈ ಹೋಯಿತು. ಅಕ್ಕ ದಿನವಿಡೀ ನಿಲ್ಲುವುದು ಇದೇ ಗೋಡೆಯ ಕೆಳಗೆ! ಗಟ್ಟಿ ಗೋಡೆ ಕಟ್ಟಿದರೆ ಬೇಡ ಎನ್ನುವ ಕಛೇರಿ ಎಲ್ಲಾದರೂ ಇದ್ದೀತೆ? ಮಾಡಿಗೆ ಮರದ ಕಂಬಗಳ ಆಸರೆ ಕೊಟ್ಟು, ಹಿಂದಿನ ಗೋಡೆಯನ್ನೂ ಎರಡು ಪಕ್ಕದ ಗೋಡೆಗಳನ್ನೂ ಕೆಡವಿ, ಇಟ್ಟಿಗೆ ಏರಿಸತೊಡಗಿದ.

ಅಕ್ಕ ಮರಳಿ ಬಂದಾಗ ಅಧಿಕಾರಿ ಬೀದಿಯಲ್ಲೇ ನಿಂತಿದ್ದ. ಪಕ್ಕದ ಮನೆಯವರು ಫೋನು ಮಾಡಿದ್ದರು. ಅವನ ಹಿಂದೆ ಗಿರಣಿಯ ಮುಂಗೋಡೆಯೊಂದು ಮಾತ್ರ ಹಳೆಯದಾಗಿ ಉಳಿದಿತ್ತು.

"ನನ್ನ ತಮ್ಮನಿಗೆ ತಿಳೀಲಿಲ್ಲ ಸಾರ್. ಗೋಡೆ ನನ್ನ ಮೇಲೆ ಬೀಳುತ್ತೆ ಅಂತ ಕೆಡವಿರಬೇಕು..."

"ಹೊರಗೆ ಬಿದ್ದಿರೋ ಹಳೇ ಗೋಡೆ ಪುಡಿ ನೋಡಿದೆ. ಅವನು ಮಾಡಿದ್ದು ತಪ್ಪು ಅನ್ನೋಕೆ ನನಗೂ ಬಾಯಿ ಬರಲ್ಲ," ಎಂದ ಅಧಿಕಾರಿ. "ಆದ್ರೆ ಕಣ್ಣಾರೆ ಕಂಡದ್ದನ್ನ ಕಂಡಿಲ್ಲ ಅಂತ ಹೇಗೆ ಬರೀಲಿ? ಮೇಲಿನವರಿಗೆ ಮನವಿ ಕೊಡಿ. ಆಸೆ ಮಾತ್ರ ಇಟ್ಕೋಬೇಡಿ."

ಅಕ್ಕ ಒಳಗೆ ಬಂದಳು. ಮೇಸ್ತ್ರಿಗೆ ಇನ್ನೂ ಏನೂ ಗೊತ್ತಿಲ್ಲ. ಬೆವರಿನಲ್ಲಿ ತೊಯ್ದವನು ಹೊಸ ಗೋಡೆಯ ಮೇಲೆ ಅಂಗೈಯಿಂದ ಬಡಿದು ತೋರಿಸಿದ.

"ನೋಡಕ್ಕಾ, ಇನ್ನು ಯಂತ್ರ ಎಷ್ಟೇ ಕುಣೀಲಿ, ಇದು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ!"

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಸಿಮೆಂಟಿಗೆ ಸುಲಿದುಹೋದ ಅವನ ಬೆರಳುಗಳನ್ನು ಕಂಡು ಕೈ ಮೇಲೇಳಲಿಲ್ಲ.

"ಅಲ್ಲೊಂದು ಕಿಟಕಿಗೆ ಜಾಗ ಬಿಡು," ಎಂದಳು.

"ಗಿರಣಿಗ್ಯಾಕಕ್ಕ ಕಿಟಕಿ? ಧೂಳೆಲ್ಲ ಪಕ್ಕದವರ ಮನೆಗೆ ಹೋಗುತ್ತೆ. ಮತ್ತೆ ಜಗಳ."

"ಧೂಳಿರಲ್ಲ ಕಣೋ. ಇಲ್ಲಿನ್ನು ಮನೆ ಮಾತ್ರ ಕಟ್ಟಬಹುದಂತೆ."

ಮೇಸ್ತ್ರಿ ಕೈಯಲ್ಲಿದ್ದ ಇಟ್ಟಿಗೆಯನ್ನು ಗೋಡೆಗೆ ಇಡಲೂ ಆಗದೆ, ಕೆಳಗೆ ಹಾಕಲೂ ಆಗದೆ ನಿಂತ.